ರೂಮು ನೋಡಕ್ ಮುಂಚ ಬಾಗ್ಲು ನೋಡಿ

ಬೊಟಿಕ್ ಅಂದ್ರ ಗುಂಡ್ಲುಪೇಟಲಿ ರವಿಕ ಹೊಲಿಯೋ ಅಂಗಡಿ. ಗಾಜಿನ ಬಾಗ್ಲು, ಒಳಗ ಒಂದು ಗೊಂಬ, ಗೊಂಬ ಮ್ಯಾಲ ಆರಿ ವರ್ಕ್ ಮಾಡಿರೋ ರೇಷ್ಮ ರವಿಕ. ಪಕ್ಕದ ಟೈಲರು ಹೊಲಿಯೋದೂ ಅದೇ ಅಳತ, ಅದೇ ಹೊಲಿಗ. ಆದ್ರ ಗೊಂಬ ಇರೋ ಅಂಗಡಿಲಿ ಕೂಲಿ ಜಾಸ್ತಿ. ಈಗ ಆ ಹೆಸರು ಹೋಟ್ಲುಗಳಿಗೂ ಬಂದದ. ಮೈಸೂರಿನ ನಡುಮಧ್ಯದಲ್ಲಿ ಎಲ್ ನೋಡುದ್ರೂ ಬೊಟಿಕ್ ಹೋಟ್ಲು, ಬೊಟಿಕ್ ಸ್ಟೇ, ಹೆರಿಟೇಜ್ ಬೊಟಿಕ್. ಯಾವುದ ಆರಿಸ್ಕಬೇಕು ಅಂತ ಫೋನಲಿ ಅರ್ಧ ರಾತ್ರಿ ತಂಕ ಪಟ ತಿರುಗ್ಸೋ ಮಕ್ಕಳು ನಮ್ಮ ಮನಲೂ ಅವ.

ನಾನು ಹೇಳೋದು ಇಷ್ಟೇ. ಈ ಆರಿಸೋ ಪದ್ಧತಿನೇ ತಪ್ಪು. ನಾವು ಗೋಡೆ ಬಣ್ಣ ನೋಡ್ತೀವಿ, ತೂಗುಯ್ಯಾಲೆ ನೋಡ್ತೀವಿ, ತಿಂಡಿ ತಟ್ಟೆ ಪಟ ನೋಡ್ತೀವಿ. ಆ ಹೋಟ್ಲು ಯಾರನ್ನ ಒಳಕ್ಕೆ ಬಿಟ್ಕತದ, ಯಾರನ್ನ ಬಾಗ್ಲಲ್ಲೇ ವಾಪಸ್ ಕಳಿಸ್ತದ ಅನ್ನೋದ ನೋಡಲ್ಲ. ನಮ್ಮಂತ ಊರಿಂದ ಹೋಗೋರಿಗೆ ಅದೇ ಮೊದಲನೇ ಪ್ರಶ್ನೆ ಆಗಬೇಕು.

ಮೊದಲು ಈ ಬೊಟಿಕ್ಕಿನ ಜಾತಕ ಹೇಳ್ಬುಡ್ತೀನಿ. ಪದ ಫ್ರೆಂಚರದು, ಅರ್ಥ ಸಣ್ಣ ಅಂಗಡಿ ಅಂತ. 1978ರಲ್ಲಿ ಲಂಡನ್ನಿನಲ್ಲಿ ಬ್ಲೇಕ್ಸ್ ಅನ್ನೋ ಹೋಟೆಲು, 1984ರಲ್ಲಿ ನ್ಯೂಯಾರ್ಕಿನಲ್ಲಿ ಮಾರ್ಗನ್ಸ್ ಅನ್ನೋ ಹೋಟೆಲು ಶುರುವಾದವು. ದೊಡ್ಡ ಕಂಪನಿ ಹೋಟೆಲುಗಳಲ್ಲಿ ಯಾವ ಊರಿಗೆ ಹೋದರೂ ಅದೇ ಮಂಚ, ಅದೇ ಪರದೆ, ಅದೇ ಬ್ರೆಡ್ಡು. ಅದರಿಂದ ಬೇಜಾರಾದವರಿಗೆ ಕಡಿಮೆ ರೂಮಿನ, ರೂಮಿಗೊಂದು ರೂಪದ ಹೋಟೆಲು ಹಿಡಿಸಿತು. ಆಮೇಲೆ ಯುರೋಪಿನ ಹಳೇ ಪೇಟೆಗಳಲ್ಲಿ ವ್ಯಾಪಾರಸ್ಥರ ಮನೆಗಳು, ಮಠದ ಕಟ್ಟಡಗಳು, ಬ್ಯಾಂಕುಗಳು ಕೂಡ ಹೋಟೆಲಾದವು. ಇದರಲ್ಲಿ ಕೆಟ್ಟದ್ದೇನೂ ಇಲ್ಲ. ಬೀಳೋ ಮನೆ ಉಳೀತದ, ಹೋದೋರಿಗೆ ಆ ಊರಿನ ವಾಸನೆ ಸಿಕ್ತದ.

ಆದ್ರ ಹಳೇ ಮನೆ ಅಂದಮ್ಯಾಲ ಹಳೇ ಮೆಟ್ಲೂ ಜೊತೆಲೇ ಬತ್ತದ. ನಮ್ಮಕ್ಕನ ಮಗಳು ಹಾಲೆಂಡಲಿ ಅವಳ. ಅಕ್ಕ ಭಾವ ಮೊದಲನೇ ಸಲ ಹೋದಾಗ ಆಮ್‌ಸ್ಟರ್‌ಡ್ಯಾಮಿನ ಕಾಲುವೆ ದಂಡೆ ಮೇಲಿನ ಒಂದು ಹಳೇ ಮನೆ ಹೋಟ್ಲಲಿ ಎರಡು ರಾತ್ರಿ ಇಳಿಸಿದ್ಲು. ಅಲ್ಲಿನ ಹಳೇ ಮನೆಗಳು ಎಷ್ಟು ಕಿರಿದು ಅಂದ್ರ, ಮಂಚ ಬೀರು ಮೆಟ್ಟಿಲ ಮೇಲೆ ಹತ್ತಿಸೋಕಾಗಲ್ಲ. ಅದಕ್ಕೇ ಮನೆ ನೆತ್ತಿಯಲ್ಲಿ ಒಂದು ತೊಲೆ ಮುಂದಕ್ಕೆ ಚಾಚಿ, ಕೊಕ್ಕೆ ಬಿಟ್ಟು, ಹಗ್ಗ ಕಟ್ಟಿ, ಸಾಮಾನನ್ನ ಕಿಟಕಿಯಿಂದ ಒಳಕ್ಕೆ ಎಳ್ಕೋತಾರೆ. ಬೀರು ಹತ್ತದ ಮೆಟ್ಲ ನಮ್ಮಕ್ಕ ಹತ್ತಬೇಕಾಯ್ತು, ಎರಡು ಮಂಡಿಗೂ ನೋವಿನ ಎಣ್ಣ ಹಚ್ಕಂಡು. ಭಾವ ಬಂದು ಹೇಳಿದ್ದು: "ಊರೇನೋ ಚಂದಾಗಿತ್ತು ಕನವ್ವ. ಆದ್ರ ನಿಮ್ಮಕ್ಕನ್ನ ಮ್ಯಾಲಕ್ಕ ಎಳ್ಕಳಕ್ಕೂ ಒಂದು ಹಗ್ಗ ಕೊಟ್ಟಿದ್ರ ಆಗದು."

ಅದೇ ಹುಡುಗಿ ಈಗ ಮನೆ ಮದುವೆಗೆ ಅಂತ ಬರೋಳು, ಎರಡೂ ಕಡೆ ಹಿರೀಕರನ್ನ ಮೈಸೂರಲ್ಲಿ ಇಳಿಸಬೇಕು ಅಂತ ಮೂರು ಹೋಟ್ಲು ಪಟ ಕಳಿಸಿದ್ಲು. ಒಂದು ತೊಟ್ಟಿ ಮನೆಯ ರಿಪೇರಿ ಮಾಡಿದ್ದು, ಒಂದು ಅರಮನೆ ತರದ್ದು, ಇನ್ನೊಂದು ಸಾದಾ ಲಾಡ್ಜು. "ಚಿಕ್ಕವ್ವ, ನೀನೇ ನೋಡಿ ಹೇಳು" ಅಂದ್ಲು. ನಾನು ಪಟ ನೋಡ್ನಿಲ್ಲ. ಮೂರಕ್ಕೂ ಫೋನ್ ಮಾಡ್ದೆ. ಏನ್ ಕೇಳ್ದೆ ಅನ್ನೋದ ಆಮ್ಯಾಲ ಹೇಳ್ತೀನಿ.

ಮೈಸೂರಿನ ಈ ದೊಡ್ಡ ಹೋಟ್ಲುಗಳ ಕತೆಯೇ ಬಾಗ್ಲಿನ ಕತೆ. ಲಲಿತಮಹಲ್ ಕಟ್ಟಿದ್ದು 1921ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು, ವೈಸರಾಯ್ ಬಂದರೆ ಇಳಿದುಕೊಳ್ಳಲಿ ಅಂತ. ಇ. ಡಬ್ಲ್ಯು. ಫ್ರಿಚ್ಲಿ ಅನ್ನೋರು ನಕ್ಷೆ ಮಾಡಿದ್ದು; ಗುಮ್ಮಟ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ತರ. 1974ರಲ್ಲಿ ಅದು ಹೋಟೆಲಾಯಿತು. ಪೇಟೆಯೊಳಗಿನ ಮೆಟ್ರೊಪೋಲ್ 1920ರದು, ಅದೂ ಮಹಾರಾಜರ ಬ್ರಿಟಿಷ್ ಅತಿಥಿಗಳಿಗೇ ಕಟ್ಟಿಸಿದ್ದು. ಹುಣಸೂರು ರಸ್ತೆಯ ಚಿತ್ತರಂಜನ್ ಮಹಲು ರಾಜಕುಮಾರಿಯರ ಮನೆ. ಸಿನಿಮಾ ಸ್ಟುಡಿಯೋ ಜೊತೆಗೂ ಸ್ವಲ್ಪ ಕಾಲ ಇದ್ದು, ಆಮೇಲೆ ಗ್ರೀನ್ ಹೋಟೆಲ್ ಆಯ್ತು. ಇವತ್ತು ದುಡ್ಡು ಕೊಟ್ಟ ಯಾರಾದರೂ ಅಲ್ಲಿ ಮಲಗಬಹುದು. ನಮ್ಮ ತಾತನ ಕಾಲದಲ್ಲಿ ಗೇಟಿನ ಹತ್ರ ನಿಲ್ಲೋಕೂ ಆಗದಿದ್ದ ಜಾಗ ಅದು. ಅದಕ್ಕೇ ಹೋಟ್ಲು ಅನ್ನೋ ವ್ಯಾಪಾರನ ನಾನು ಹೀಯಾಳಿಸಲ್ಲ. ದುಡ್ಡಿಗೆ ಬಾಗ್ಲು ತೆಗಿಯೋ ಮನೆ, ಹುಟ್ಟು ಕೇಳಿ ಬಾಗ್ಲು ತೆಗಿಯೋ ಮನೆಗಿಂತ ಮೇಲು.

ನಮ್ಮೋರು ಆಗ ಎಲ್ಲಿ ಮಲಗ್ತಿದ್ರು? ನಂಜನಗೂಡು ದೊಡ್ಡ ಜಾತ್ರಗ ಗಾಡಿ ಕಟ್ಕಂಡು ಹೋಗಿ ಗಾಡಿ ಕೆಳಗೇ ಹುಲ್ಲು ಹಾಸ್ಕಂಡು ಮಲಗೋರು. ಮೈಸೂರ್ಗ ಹೋದ್ರ ನೆಂಟರ ಮನ, ಇಲ್ಲಾಂದ್ರ ಛತ್ರ. ಛತ್ರ ಅಂದ್ರ ಎಲ್ಲಾರ್ಗೂ ಅಂದ್ಕಬೇಡಿ. ಧರ್ಮಛತ್ರ ಅಂತ ಬೋರ್ಡು ಇದ್ರೂ ಯಾವ ಜಾತಿಯ ಧರ್ಮ ಅಂತ ಬಾಗ್ಲಲ್ಲಿ ಕೂತೋನು ಕೇಳೋನು. ಕಾಫಿ ಹೋಟ್ಲ ಬೋರ್ಡಿನ ಮೇಲೂ ಜಾತಿ ಇರೋದು, ಖಾನಾವಳಿ ಬೋರ್ಡಿನ ಮೇಲೂ ಇರೋದು. ಹಳೇದು ಚಂದಾಗಿತ್ತು ಅಂತ ಬೊಟಿಕ್ಕಿನೋರು ತಾಮ್ರದ ಹಂಡೆ ಇಟ್ಟು, ಕಪ್ಪು ಬಿಳಿ ಪಟ ತಗುಲಾಕ್ತರಲ್ಲ, ಆ ಪಟದೊಳಕ್ಕ ಯಾರ್ಗ ಪ್ರವೇಶ ಇರ್ನಿಲ್ಲ ಅನ್ನೋದನ್ನೂ ಒಂದ್ಸಲ ನೆನೀಬೇಕು.

ಅಂಬೇಡ್ಕರ್ ಅವರ ಬರೋಡದ ಕತೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರ್ತದ. 1917ರಲ್ಲಿ, ನ್ಯೂಯಾರ್ಕ್ ಲಂಡನ್ನುಗಳಲ್ಲಿ ಓದಿ ಬಂದು, ಬರೋಡ ಸಂಸ್ಥಾನದ ಕೆಲಸಕ್ಕೆ ಸೇರಿದಾಗ ಅವರಿಗೆ ಮಲಗೋಕೆ ಜಾಗ ಸಿಗಲಿಲ್ಲ. ಹಿಂದೂ ಹೋಟೆಲಿಗೆ ಹೋಗೋಹಾಗಿಲ್ಲ. ಪಾರ್ಸಿಗಳ ಒಂದು ತಂಗುಮನೆಯಲ್ಲಿ ಪಾರ್ಸಿ ಹೆಸರು ಬರೆಸಿ ಇದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದು ಜನ ಬಂದು ನಿಂತರು. ಸಾಮಾನು ಎತ್ತಿಕೊಂಡು ಹೊರಡಬೇಕಾಯ್ತು. ಅಷ್ಟು ದೊಡ್ಡ ಯೂನಿವರ್ಸಿಟಿಗಳಲ್ಲಿ ಓದಿ ಬಂದವರಿಗೆ ತಮ್ಮ ದೇಶದ ಒಂದು ಊರಲ್ಲಿ ಬಾಡಿಗೆ ಕೊಟ್ಟರೂ ಒಂದು ಮಂಚ ಇಲ್ಲ. ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು ಅನ್ನೋ ಮಾತು ಸುಮ್ಮಸುಮ್ಮನೆ ಬಂದದ್ದಲ್ಲ. ಧರ್ಮ, ಜಾತಿ, ಲಿಂಗ, ಹುಟ್ಟಿದ ಜಾಗ ನೋಡಿ ಅಲ್ಲಿಗೆ ಬರೋರನ್ನ ತಡೀಬಾರದು ಅಂತ ಅದು ಹೇಳ್ತದ. 1955ರ ಅಸ್ಪೃಶ್ಯತೆ ಕಾನೂನಿನಲ್ಲಿ ಹೋಟೆಲಿನ ಜೊತೆಗೆ ಧರ್ಮಶಾಲೆ, ಮುಸಾಫಿರಖಾನೆಗಳ ಮಾತೂ ಅದ.

ಇದೆಲ್ಲ ಹಳೇ ಕತೆ ಅಂತೀರಾ? ಹೊಸದ ಕೇಳಿ.

ಗುಂಡ್ಲುಪೇಟೆ ತಾಲ್ಲೂಕಿನೋರು ಮೈಸೂರ್ಗ ಯಾತಕ್ ಹೊಯ್ತರ? ಅರಮನ ದೀಪ ನೋಡಕ್ಕ ವರ್ಷಕ್ಕೊಂದಿನ. ಉಳಿದಂಗ ಆಸ್ಪತ್ರಗ, ಪರೀಕ್ಷಗ, ಕೋರ್ಟಿಗ, ಮದುವ ಜವಳಿಗ. ಪೇಟೆ ನಡುಮಧ್ಯದಲ್ಲಿ ರೂಮು ಬೇಕು ಅಂತ ಪ್ರವಾಸಿಗಳು ಕೇಳೋದು ಅರಮನೆಗೆ ನಡ್ಕಂಡು ಹೋಗೋಕೆ. ನಾವು ಕೇಳೋದು ರಾತ್ರಿ ಎರಡು ಗಂಟೆಲಿ ನರ್ಸು ಕೂಗಿದ್ರ ಓಡೋಕೆ.

ಕೆಲವು ವರ್ಷದ ಹಿಂದೆ ನಮ್ಮವ್ವನ್ನ ಒಂದು ಆಸ್ಪತ್ರೆಗೆ ಸೇರಿಸಿದ್ದೋ. ವಾರ್ಡಲಿ ಒಬ್ಬರೇ ಇರಬೇಕು, ತಮ್ಮ ಇದ್ದ. ನಾನು ಒಂದು ರಾತ್ರಿ ಮಲಗಿ ಎದ್ದು ಬೆಳಿಗ್ಗೆ ಅವನ್ನ ಬಿಡಿಸಬೇಕು ಅಂತ ಹತ್ತಿರದ ಒಂದು ಲಾಡ್ಜಿಗೆ ಹೋದೆ. ರಾತ್ರಿ ಒಂಬತ್ತೂವರೆ. ಹೆಸರು ಬೇಡ ಬುಡಿ. ಕೌಂಟರಲ್ಲಿದ್ದ ಹುಡುಗ ಆಧಾರ್ ಕಾರ್ಡು ತಿರುಗಿಸಿ ನೋಡ್ದ.

"ಲೋಕಲ್ಲು ಮೇಡಂ. ಲೋಕಲ್ ಆಧಾರ್‌ಗೆ ಕೊಡಂಗಿಲ್ಲ."

"ಗುಂಡ್ಲುಪೇಟೆ ಎಂಗಪ್ಪ ಲೋಕಲ್ಲಾದದು? ಅರವತ್ತು ಕಿಲೋಮೀಟ್ರು."

"ಈ ಕಡೆದೆಲ್ಲ ಲೋಕಲ್ಲೇ. ಜೊತೆಲಿ ಗಂಡಸರು ಯಾರೂ ಇಲ್ವ?"

ಇನ್ನೊಂದು ಲಾಡ್ಜಿಗೆ ಹೋದೆ. ಅಲ್ಲೂ ಅದೇ. ಕೈಲಿ ದುಡ್ಡಿತ್ತು, ಕಾರ್ಡಿತ್ತು, ಆಸ್ಪತ್ರೆ ಚೀಟಿ ಇತ್ತು. ಇಲ್ಲದಿದ್ದದ್ದು ಒಬ್ಬ ಗಂಡಸು, ಮತ್ತ ದೂರದ ಊರಿನ ವಿಳಾಸ. ಬೆಳಗಾಗೋ ತಂಕ ಆಸ್ಪತ್ರೆ ಪಡಸಾಲೆ ಬೆಂಚಲ್ಲಿ ಕೂತಿದ್ದೆ. ನನ್ನ ಹಂಗೇ ಕೂತಿದ್ದ ಹೆಂಗಸರು ಇನ್ನೂ ನಾಲ್ಕು ಜನ. ಒಬ್ಬಳು ಕೊಳ್ಳೇಗಾಲದೋಳು, ಒಬ್ಬಳು ಹೆಗ್ಗಡದೇವನಕೋಟೆಯೋಳು. ಎಲ್ಲರೂ ಲೋಕಲ್ಲೇ.

ಇದಕ್ಕೆ ಲಾಡ್ಜಿನೋರು ಕೊಡೋ ಉತ್ತರ ನನಗೂ ಗೊತ್ತು. ಪೊಲೀಸ್ರು ಕೇಳ್ತರ, ಗಲಾಟೆ ಆಯ್ತದ, ಹೆಸರು ಕೆಡ್ತದ. ಗುರುತಿನ ಚೀಟಿ ಕೇಳಿ, ಬೇಡ ಅಂದೋರ್ಯಾರು? ರಿಜಿಸ್ಟರಲ್ಲಿ ಬರ್ಕಳಿ, ನಕಲು ಇಟ್ಕಳಿ. ಆದ್ರ ಚೀಟಿ ನೋಡಿ ಗುರುತು ಹಿಡಿಯೋದು ಬೇರೆ, ಚೀಟಿ ನೋಡಿ ಗುಣ ಅಳಿಯೋದು ಬೇರೆ. ಪಕ್ಕದ ಊರೋಳು ರಾತ್ರಿ ರೂಮು ಕೇಳಿದ್ರ ಅವಳ ನಡತೆ ಮೇಲೆ ಅನುಮಾನ; ಸಾವಿರ ಮೈಲಿ ದೂರದೋರು ಕೇಳಿದ್ರ ಅತಿಥಿ. ವಯಸ್ಸಿಗೆ ಬಂದ ಇಬ್ಬರು, ಮದುವೆ ಆಗಿಲ್ಲ ಅಂದ್ರೂ ಒಂದು ರೂಮಲಿ ಇರಬಾರದು ಅನ್ನೋ ಕಾನೂನು ಈ ದೇಶದಲ್ಲಿಲ್ಲ. ಆದ್ರೂ 2025ರ ಜನವರಿಲಿ ಓಯೋ ಕಂಪನಿ ಮೀರತ್ ಊರಿಂದ ಶುರು ಮಾಡಿ, ಮದುವೆಯಾಗದ ಜೋಡಿಗಳನ್ನ ವಾಪಸ್ ಕಳಿಸಬಹುದು ಅಂತ ಹೊಸ ನಿಯಮ ತಂತು. ಬಾಗ್ಲು ಕಾಯೋನು ಜಾತಿ ಕೇಳೋದ ಬುಟ್ಟು ತಾಳಿ ಕೇಳಕ್ಕ ಕೂತವ್ನ.

ಈಗ ಒಳಗಿನ ವಿಚಾರ. ಬೊಟಿಕ್ ಹೋಟ್ಲು ಪಟದಲ್ಲಿ ಕಾಣದೆ ಇರೋದು ಬಚ್ಚಲು. ಹೊಸ ಫ್ಯಾಷನ್ನಲಿ ಬಚ್ಚಲಿಗ ಗಾಜಿನ ಗೋಡೆ. ಮೂರು ಜನಕ್ಕ ಒಂದು ರೂಮು ಅಂತ ಹಾಕಿ, ಒಳಗ ಗಾಜಿನ ಬಚ್ಚಲು ಇಟ್ರ, ಮಾವ ಸೊಸೆ ಇರೋ ಮನೆಯೋರು ಏನ್ ಮಾಡಬೇಕು? ಒಬ್ಬರು ಸ್ನಾನ ಮಾಡೋವಾಗ ಉಳಿದೋರು ಬೀದಿಲಿ ನಿಂತಿರಬೇಕಾ? ಇದ ಮಾಡಿದೋನು ಒಟ್ಟು ಕುಟುಂಬದಲ್ಲಿ ಒಂದು ವಾರ ಇದ್ದೋನಲ್ಲ. ಮಂಡಿ ನೋವಿನೋರಿಗೆ ಹಿಡ್ಕಳಕ್ಕ ಗೋಡೆಲೊಂದು ಕಂಬಿ, ಜಾರದ ನೆಲ, ಒಂದು ಬಕೀಟು ಚೊಂಬು ಇದ್ರ ಅದೇ ಐಷಾರಾಮ. ತಲೆ ಮೇಲಿಂದ ಮಳೆ ಸುರಿಯೋ ನಲ್ಲಿಗೆ ಎಷ್ಟು ಸಾವಿರ ಸುರಿದಿದ್ರೂ, ನಮ್ಮಕ್ಕ ತಲ ನೆನಸ್ಕಳ್ದೆ ಮೈ ತೊಳ್ಕಳಕ್ಕ ಚೊಂಬೇ ಕೇಳೋದು.

"ಹಂಗಂದ್ರ ಒಂದಿನ ಸುಖವಾಗಿ ಇರಬಾರ್ದಾ ಚಿಕ್ಕವ್ವ? ಜೀವಮಾನೆಲ್ಲ ದುಡುದವ್ರ ಅವರು" ಅಂದ್ಲು ಹುಡುಗಿ. ಇರಬೇಕು ಕನವ್ವ. ಅದಕ್ಕೇ ನಾನು ಕೇಳೋದು, ಸುಖ ಯಾರಿಗೆ ಅಂತ. ಪಟ ಹಾಕೋ ನಿಂಗಾ, ಮಲಗೋ ಅವ್ರಿಗಾ?

ಇನ್ನೊಂದು, ನಮ್ಮ ಕಡೆಯೋರಿಗೆ ಚೆನ್ನಾಗಿ ಗೊತ್ತಿರೋದು. ಬಂಡೀಪುರ ಕಾಡಿನ ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡಲ್ಲ. 2009ರಿಂದ ಇರೋ ನಿಯಮ, ಪ್ರಾಣಿಗಳ ಸಲುವಾಗಿ, ಸರಿಯಾದ್ದೇ. ಗೇಟು ತಪ್ಪಿದ ಕಾರಿನೋರು ಗುಂಡ್ಲುಪೇಟೆ ಕಡೆ ರೂಮು ಮಾಡ್ತರ. ಬೆಳಿಗ್ಗೆ ಹಾಲಿಗೆ ಹೋಗೋವಾಗ ನೋಡಿ, ಸೀಟು ಹಿಂದಕ್ಕ ಒರಗಿಸಿ, ಸೊಳ್ಳೆಗೆ ಮುಖದ ಮ್ಯಾಲ ಟವಲ್ ಹಾಕಂಡು ಡ್ರೈವರು ಮಲಗಿರ್ತನ. ಒಳಗ ಮಲಗಿರೋರ ಜೀವ ಬೆಳಿಗ್ಗೆ ಊಟಿ ಘಾಟಿಲಿ ಅವನ ಕಣ್ಣಿನ ಮೇಲೆ ನಿಂತದ. ಅವನಿಗೊಂದು ಮಂಚ, ಒಂದು ಸ್ನಾನದ ಜಾಗ ಕೊಡದ ಹೋಟ್ಲು ಎಷ್ಟು ನಕ್ಷತ್ರದ್ದಾದರೇನು? ಕೆಲಸದೋರ ಮಾತೂ ಹಂಗೇ. ಕಾಡಂಚಿನ ರೆಸಾರ್ಟುಗಳಿಗೆ ಹಾಸಿಗೆ ಬಟ್ಟೆ ಮಡಿಸೋಕೆ, ಪಾತ್ರೆ ತೊಳಿಯೋಕೆ ಹೋಗೋದು ನಮ್ಮ ಅಕ್ಕಪಕ್ಕದ ಊರಿನ ಹೆಣ್ಣುಮಕ್ಕಳು. ಬಿಳೀ ಹೊದಿಕೆ ನೋಡೋರು ಅದನ್ನ ಬಿಳೀ ಮಾಡಿದ ಕೈ ಎಲ್ಲಿ ಕೂತು ಊಟ ಮಾಡ್ತದ ಅಂತ ಒಂದ್ಸಲ ಕೇಳಲಿ. ಗ್ರೀನ್ ಹೋಟೆಲ್ ಹೆಸರ ಯಾಕ್ ಹೇಳ್ದೆ ಅಂದ್ರ, ಬಂದ ಲಾಭವನ್ನ ಸಮಾಜದ, ಪರಿಸರದ ಕೆಲಸಕ್ಕೆ ಕೊಡಬೇಕು ಅನ್ನೋ ಉದ್ದೇಶದಿಂದ ಶುರುವಾದ ಹೋಟ್ಲು ಅದು. ಹಂಗೂ ಒಂದು ಹೋಟ್ಲು ನಡೆಸಬಹುದು ಅನ್ನೋದಕ್ಕೆ ಅದು ಮೈಸೂರಲ್ಲೇ ಅದ.

ದುಡ್ಡಿನ ಲೆಕ್ಕ ಬಂದ್ರ ಎರಡು ಮಾತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿ ತಂಕ ಬಾಡಿಗೆ ಇರೋ ರೂಮಿಗೆ ಜಿಎಸ್‌ಟಿ ಶೇಕಡ 5, ಅದರ ಮೇಲೆ ಹೋದ್ರ ಶೇಕಡ 18. ಅಂದ್ರ 7,400ರ ರೂಮಿಗೆ ತೆರಿಗೆ 370, ಒಟ್ಟು 7,770. 7,600ರ ರೂಮಿಗೆ ತೆರಿಗೆ 1,368, ಒಟ್ಟು 8,968. ಇನ್ನೂರು ರೂಪಾಯಿ ಬಾಡಿಗೆ ವ್ಯತ್ಯಾಸ, ಕೈ ಬಿಡೋದು 1,198. ಎರಡನೇದು, ಆಪಿನಲ್ಲಿ ಮೇಲೆ ಕಾಣೋದೇ ಒಳ್ಳೇ ಹೋಟ್ಲು ಅಂದ್ಕಬೇಡಿ. 2022ರ ಅಕ್ಟೋಬರಿನಲ್ಲಿ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೊಗೆ 223.48 ಕೋಟಿ, ಓಯೋಗೆ 168.88 ಕೋಟಿ ದಂಡ ಹಾಕಿ ಆದೇಶ ಮಾಡ್ತು. ಹೋಟ್ಲಿನೋರು ಬೇರೆ ಕಡೆ ಕಡಿಮೆ ದರ ಹಾಕಬಾರದು ಅಂತ ಕಟ್ಟು ಮಾಡಿದ್ದು, ಎದುರಾಳಿ ಕಂಪನಿಗಳ ಹೋಟ್ಲುಗಳು ಪಟ್ಟಿಲಿ ಬರದ ಹಂಗ ಮಾಡಿದ್ದು ಆಯೋಗಕ್ಕೆ ಕಂಡ ತಪ್ಪು. ಸಂತೆಲಿ ಟೊಮೇಟೊ ಮೇಲೆ ಜೋಡಿಸಿದ್ದ ನೋಡಿ ಕೊಳ್ಳಲ್ಲ ನಾವು, ಕೈ ಹಾಕಿ ಕೆಳಗಿಂದ ತೆಗೀತೀವಿ. ರೂಮಿಗೂ ಹಂಗೇ ಮಾಡಿ. ನೇರ ಫೋನ್ ಹಚ್ಚಿ.

ಯುರೋಪಿನ ಊರುಗಳು ಈ ವ್ಯಾಪಾರದ ಇನ್ನೊಂದು ಮುಖ ನೋಡ್ಬುಟ್ಟವ. ಪೇಟೆ ನಡುವಿನ ಮನೆಗಳೆಲ್ಲ ಪ್ರವಾಸಿಗಳ ಬಾಡಿಗೆ ರೂಮಾದ್ರ, ಅಲ್ಲೇ ಹುಟ್ಟಿದೋರಿಗೆ ಮನೆ ಸಿಗಲ್ಲ. ಬಾರ್ಸಿಲೋನ ನಗರದೋರು ಹತ್ತು ಸಾವಿರಕ್ಕಿಂತ ಜಾಸ್ತಿ ಪ್ರವಾಸಿ ಮನೆಗಳ ಪರವಾನಗಿಯನ್ನ 2028ರ ನವೆಂಬರ್ ಆದ್ಮೇಲೆ ಮುಂದುವರಿಸಲ್ಲ ಅಂತ 2024ರಲ್ಲಿ ಹೇಳಿದ್ರು. ವೆನಿಸ್ಸಿನಲ್ಲಿ ಅದೇ ವರ್ಷ ಜನ ಜಾಸ್ತಿ ಬರೋ ದಿನಗಳಲ್ಲಿ, ಬಂದು ಅವತ್ತೇ ಹೋಗೋರಿಗೆ 5 ಯೂರೋ ಶುಲ್ಕ ಹಾಕಿದ್ರು. ಮೈಸೂರು ಅಗ್ರಹಾರಗಳ ತೊಟ್ಟಿ ಮನೆಗಳು ಒಂದೊಂದೇ ಸ್ಟೇ ಆಗೋವಾಗ ಅಲ್ಲಿನೋರು ಇದ ಯೋಚಿಸಲಿ. ನಮ್ಮ ಕಡೆ ಚೆಂಡು ಹೂವಿನ, ಸೂರ್ಯಕಾಂತಿ ಹೊಲದ ಪಕ್ಕ ಹೋಮ್‌ಸ್ಟೇ ಬೋರ್ಡು ನೆಡೋ ಮೊದಲು ನಾವೂ ಯೋಚಿಸೋಣ. ಹೊಲ ಮಾರಿದೋನು ಅದೇ ಹೊಲದಲ್ಲಿ ಗೇಟ್ ಕಾಯೋನಾದ್ರ ಅದ ಅಭಿವೃದ್ಧಿ ಅಂತ ಕರಿಯಕ್ಕಾಗಲ್ಲ.

ಇನ್ನ ನಾನು ಫೋನಲಿ ಏನ್ ಕೇಳ್ದೆ ಅಂತ ಹೇಳ್ತೀನಿ, ಬರ್ಕಳಿ. ಲೋಕಲ್ ಆಧಾರ್‌ಗೆ ರೂಮ್ ಕೊಡ್ತೀರಾ? ಹೆಂಗಸು ಒಬ್ಬಳೇ ಬಂದ್ರ, ರಾತ್ರಿ ಹನ್ನೊಂದಕ್ಕೆ ಬಂದ್ರ, ಒಳಕ್ಕ ಬುಡ್ತೀರಾ? ಬೀದಿಯಿಂದ ಮಂಚದ ತಂಕ ಮೆಟ್ಲು ಎಷ್ಟು? ಬಚ್ಚಲಿಗ ಗೋಡೆ ಅದಾ, ಗಾಜಾ? ಬಿಸಿನೀರು ಎಷ್ಟೊತ್ತಿಂದ ಎಷ್ಟೊತ್ತು? ಡ್ರೈವರು ಎಲ್ಲಿ ಮಲಗ್ತನ? ತೆರಿಗೆ ಸೇರಿ ಕೈ ಬಿಡೋದು ಎಷ್ಟು?

ಅರಮನೆ ತರದ್ದು ಮೊದಲನೇ ಪ್ರಶ್ನೆಗೇ "ನಮ್ಮ ಪಾಲಿಸಿ ಮೇಡಂ" ಅಂತು. ತೊಟ್ಟಿ ಮನೆಯೋನು ಮೆಟ್ಲು ಹದಿನೆಂಟು, ಲಿಫ್ಟಿಲ್ಲ, ಕೆಳಗಿನ ಎರಡು ರೂಮು ಹಿರಿಯರಿಗೆ ಬಿಡ್ತೀನಿ, ಡ್ರೈವರಿಗೆ ಹಿಂದ್ಗಡೆ ಮಂಚ ಅದ, ಬಚ್ಚಲಿಗ ಇಟ್ಟಿಗೆ ಗೋಡೆ ಅಂತ ಒಂದೊಂದಕ್ಕೂ ನೇರವಾಗಿ ಹೇಳ್ದ. ಹುಡುಗಿಗ ಅದನ್ನೇ ಮಾಡು ಅಂದೆ. ಬೊಟಿಕ್ಕೇ ಅದು, ನೋಡಿ. ಬೊಟಿಕ್ ಮೇಲೆ ನನಗೇನೂ ಹಗೆ ಇಲ್ಲ. ಮೆಟ್ಲು ಮುಚ್ಚಿಟ್ಟು ಗುಲಾಬಿ ಎಸಳು ತೋರಿಸೋರ ಮೇಲೆ ಅದ.

ಹೋಟ್ಲು ನಡೆಸೋ ಅಣ್ಣಂದಿರು ಅಕ್ಕಂದಿರು ಯಾರಾದ್ರೂ ಇದ ಓದ್ತಿದ್ರ, ಒಂದು ಮಾತು. ಬಾಗ್ಲ ಮೇಲೆ ಅತಿಥಿ ದೇವೋ ಭವ ಅಂತ ಬಂಗಾರದ ಅಕ್ಷರದಲ್ಲಿ ಬರಸ್ತೀರಿ. ದೇವರ ಆಧಾರ್ ಕಾರ್ಡಲಿ ಯಾವೂರು ಅಂತದ ನಮಗ ಗೊತ್ತಿಲ್ಲ. ಆ ಬೋರ್ಡು ಇಳಿಸಿ, ಒಂದು ಸಾದಾ ಹಲಗೇಲಿ "ಸುತ್ತಮುತ್ತಲ ಊರೋರಿಗೂ, ಒಂಟಿ ಹೆಂಗಸರಿಗೂ ರೂಮುಂಟು" ಅಂತ ಬರಸಿ. ಪಟ ಒಂದೂ ಹಾಕದಿದ್ರೂ ನಾವು ಬತ್ತೀವಿ.